ಸಂಗಮದ ಸೀಮೆಯ ಸೈಕಲ್ಲು ಮತ್ತು ಹಲ್ಲಿನ ಲೆಕ್ಕ

ಸೈಕಲ್ಲು ತುಳಿಯಲು ಹಗುರವೋ ಭಾರವೋ ಎಂಬುದು ತೀರ್ಮಾನವಾಗುವುದು ಎರಡು ಹಲ್ಲುಚಕ್ರಗಳಲ್ಲಿ. ಒಂದು ಪೆಡಲಿನ ಬಳಿಯ ದೊಡ್ಡ ಚಕ್ರ, ಇನ್ನೊಂದು ಹಿಂಗಾಲಿಯ ಫ್ರೀವೀಲ್. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲು ಹಿಂಗಾಲಿಗೆ ಚೈನು ಹಾಕುವ ಪದ್ಧತಿಯನ್ನು ನೆಲೆಗೊಳಿಸಿತು. ಅದಕ್ಕೂ ಮುಂಚಿನ ಎತ್ತರದ ಸೈಕಲ್ಲಿನಲ್ಲಿ ಪೆಡಲು ಮುಂಗಾಲಿಗೇ ಕೂಡಿಕೊಂಡಿತ್ತು. ಗಾಲಿಯ ಗಾತ್ರವೇ ಗೇರು. ಚೈನು ಬಂದ ಮೇಲೆ ಹಲ್ಲುಗಳನ್ನು ಹೆಚ್ಚುಕಡಿಮೆ ಮಾಡಿದರೆ ಸಾಕಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸೈಕಲ್ಲು ದೇಶದಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಮದರಾಸಿನ ಟಿಐ ಸೈಕಲ್ಸ್ 1949ರಲ್ಲೂ ಲೂಧಿಯಾನದ ಹೀರೋ 1956ರಲ್ಲೂ ಆರಂಭವಾದವು. ನಂಜನಗೂಡು, ತಿರುಮಕೂಡಲು ನರಸೀಪುರದ ಬೀದಿಗಳಲ್ಲಿ ಓಡಾಡಿದ್ದು ಇಂಥ 28 ಇಂಚಿನ ಗಾಲಿಯ, ಒಂದೇ ಗೇರಿನ ಕಪ್ಪು ಸೈಕಲ್ಲುಗಳು. ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 6 ಮೀಟರ್ ಸಾಗುತ್ತದೆ. ಮುಂದಿನದು 44 ಹಲ್ಲಿನದಾದರೆ ಐದೂವರೆ ಮೀಟರ್.

ಕಪಿಲೆ, ಕಾವೇರಿಯ ಸಂಗಮದ ಈ ನಾಲೆಬಯಲಿನಲ್ಲಿ ದೊಡ್ಡ ಏರುಗಳಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿ.ಮೀ. ದಾರಿಯಲ್ಲಿ ಇಳಿಯುವುದು ನೂರು ಮೀಟರಿನ ಆಸುಪಾಸು ಅಷ್ಟೇ. ಖಾಲಿ ಸೈಕಲ್ಲಿಗೆ ಒಂದೇ ಗೇರು ಸಾಲುತ್ತಿತ್ತು, ತೊಡಕಾದದ್ದು ಹೊರೆ. ಬಾಳೆಗೊನೆ, ಹಾಲಿನ ಕ್ಯಾನು, ಎಳನೀರು, ಭತ್ತದ ಮೂಟೆ ಕ್ಯಾರಿಯರ್ ಏರಿದರೆ, ಎದುರುಗಾಳಿಯೂ ಸೇರಿದರೆ, ನಿಂತು ತುಳಿದರೂ ಪೆಡಲು ಕದಲುವುದು ಕಷ್ಟ.

ಗೇರು ಹಗುರ ಮಾಡಲು ಎರಡು ದಾರಿ: ಮುಂದಿನ ಹಲ್ಲು ಇಳಿಸುವುದು, ಇಲ್ಲವೇ ಹಿಂದಿನದನ್ನು ಏರಿಸುವುದು. ಈ ಸೈಕಲ್ಲುಗಳಲ್ಲಿ ಮುಂದಿನ ಹಲ್ಲುಚಕ್ರ ಬಲಗಡೆಯ ಕ್ರ್ಯಾಂಕಿಗೆ, ಅಂದರೆ ಪೆಡಲಿನ ತೋಳಿಗೆ, ಬಿಡಿಸಲಾಗದಂತೆ ಕೂಡಿಕೊಂಡಿರುತ್ತದೆ. ಅದನ್ನು ಬದಲಿಸಲು ಕ್ರ್ಯಾಂಕನ್ನು ಬಿಗಿಹಿಡಿದ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಕ್ರ್ಯಾಂಕನ್ನೂ ಸೇರಿಸಿ ಹೊಸದು ಹಾಕಬೇಕು. ಫ್ರೀವೀಲ್ ಹಾಗಲ್ಲ, ತಿರುಗಿಸಿ ಬಿಚ್ಚಿದರೆ ಆಯಿತು. 44ಕ್ಕೆ 18ರ ಬದಲು 22 ಹಲ್ಲಿನದನ್ನು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಗಾಲಿ ಸರಿಯಾಗಿ ಎರಡು ಸುತ್ತು ತಿರುಗುತ್ತದೆ, ನಾಲ್ಕೂವರೆ ಮೀಟರ್ ಸಾಗುತ್ತದೆ. ಕಾಲಿನ ಬಲ ಐದರಲ್ಲೊಂದು ಪಾಲಿನಷ್ಟು ಉಳಿತಾಯವಾಗುತ್ತದೆ. ವೇಗವೂ ಅಷ್ಟೇ ಕುಗ್ಗುತ್ತದೆ. ಚೈನಿಗೆ ಒಂದಿಂಚು ಉದ್ದ ಕೂಡಿಸಬೇಕು, ಇಲ್ಲವೇ ಹಿಂಗಾಲಿಯನ್ನು ಅರ್ಧ ಇಂಚು ಮುಂದಕ್ಕೆ ಸರಿಸಬೇಕು.

1980ರಲ್ಲಿ ಟಿವಿಎಸ್-50 ಮೊಪೆಡ್ ಬಂದ ಮೇಲೆ ಭಾರದ ಹೊರೆ ಕ್ರಮೇಣ ಸೈಕಲ್ಲಿನಿಂದ ಇಳಿಯಿತು. ಅದೇ ಕಂಪನಿಯ ಕಾರ್ಖಾನೆಯೊಂದು ಮುಂದೆ ನಂಜನಗೂಡು ರಸ್ತೆಯ ಕಡಕೊಳದ ಬಳಿಯೇ ನೆಲೆಯೂರಿತು. 2006–07ರಿಂದ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ್ದೂ ಒಂದೇ ಗೇರಿನ ಸೈಕಲ್ಲನ್ನು. ಪುಸ್ತಕದ ಚೀಲದ ಭಾರಕ್ಕೆ ಅದು ಸಾಕು.