ದೂರಾಕಾಶ ಕಾಯಗಳ ಅಡ್ಡಹೆಸರುಗಳು

ದೂರಾಕಾಶ ಕಾಯಗಳ ಅಡ್ಡಹೆಸರುಗಳು ಎಂದರೆ ಸೌರವ್ಯೂಹದ ಆಚೆಗಿರುವ ನೀಹಾರಿಕೆ, ತಾರಾಗುಚ್ಛ ಹಾಗೂ ಗೆಲಾಕ್ಸಿಗಳಿಗೆ ಪಟ್ಟಿಸಂಖ್ಯೆಯ ಜೊತೆಗೆ ಬಳಕೆಯಲ್ಲಿರುವ ರೂಢಿನಾಮಗಳು. ಇವುಗಳಲ್ಲಿ ಅನೇಕವು ದೂರದರ್ಶಕದ ಮೂಲಕ ನೋಡಿದವರ ಕಣ್ಣಿಗೆ ತೋರಿದ ಆಕಾರದಿಂದ ಹುಟ್ಟಿವೆ. ಮಸುಕಾದ ಕಾಯವನ್ನು ಹುಡುಕುವ ಹವ್ಯಾಸಿ ವೀಕ್ಷಕರಿಗೆ ಏನನ್ನು ನಿರೀಕ್ಷಿಸಬೇಕೆಂಬ ಸುಳಿವನ್ನು ಇವು ನೀಡುತ್ತವೆ.

ಹಿನ್ನೆಲೆ

ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೆ 1781ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 103 ಕಾಯಗಳಿದ್ದವು. 1888ರಲ್ಲಿ ಜಾನ್ ಡ್ರೆಯರ್ ಸಿದ್ಧಪಡಿಸಿದ ಎನ್‌ಜಿಸಿ ಪಟ್ಟಿಯಲ್ಲಿ ಅವು 7,840ಕ್ಕೆ ಏರಿದವು. ಸಂಖ್ಯೆಯು ಕಾಯವನ್ನು ಗುರುತಿಸುತ್ತದೆಯೇ ಹೊರತು ಅದರ ರೂಪವನ್ನು ತಿಳಿಸುವುದಿಲ್ಲ. ಈ ಕೊರತೆಯನ್ನು ಅಡ್ಡಹೆಸರುಗಳು ತುಂಬಿದವು.

ಆಕಾರದಿಂದ ಬಂದ ಹೆಸರುಗಳು

ಐರ್ಲೆಂಡಿನ ಲಾರ್ಡ್ ರಾಸ್ 1840ರ ದಶಕದಲ್ಲಿ 36 ಅಂಗುಲದ ದೂರದರ್ಶಕದಿಂದ ನೋಡಿ, ವೃಷಭ ರಾಶಿಯ ಮೆಸ್ಸಿಯೆ 1 ನೀಹಾರಿಕೆಯ ಚಿತ್ರವನ್ನು ಬರೆದರು. ಅದು ಏಡಿಯನ್ನು ಹೋಲುತ್ತಿದ್ದುದರಿಂದ ‘ಏಡಿ ನೀಹಾರಿಕೆ’ ಎಂಬ ಹೆಸರು ಬಂದಿತು. ಮುಂದೆ 72 ಅಂಗುಲದ ದೂರದರ್ಶಕದಲ್ಲಿ ಆ ಹೋಲಿಕೆ ಕಾಣಲಿಲ್ಲ. ಆದರೂ ಹೆಸರು ಉಳಿಯಿತು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಮೆಸ್ಸಿಯೆ 97ರಲ್ಲಿ ಕಣ್ಣುಗಳಂತೆ ತೋರುವ ಎರಡು ಕಪ್ಪು ಕಲೆಗಳಿದ್ದು, ಅದಕ್ಕೆ ‘ಗೂಬೆ ನೀಹಾರಿಕೆ’ ಎಂಬ ಹೆಸರಿದೆ. ಚಿಕ್ಕ ದೂರದರ್ಶಕದಲ್ಲಿ ಅದು ಕೇವಲ ದುಂಡನೆಯ ಮಬ್ಬಾಗಿ ಕಾಣುತ್ತದೆ.

ಕಣ್ಣಿನ ಗುಣದಿಂದ ಬಂದ ಹೆಸರು

ರಾಜಹಂಸ ನಕ್ಷತ್ರಪುಂಜದ ಎನ್‌ಜಿಸಿ 6826ಕ್ಕೆ ‘ಮಿಟುಕುವ ನೀಹಾರಿಕೆ’ ಎಂಬ ಹೆಸರಿದೆ. ವಾಸ್ತವದಲ್ಲಿ ಅದು ಮಿಟುಕುವುದಿಲ್ಲ. ನೇರವಾಗಿ ದಿಟ್ಟಿಸಿದಾಗ ನಡುವಿನ ನಕ್ಷತ್ರವು ಎದ್ದು ಕಂಡು ಸುತ್ತಲಿನ ಮಬ್ಬು ಮರೆಯಾಗುತ್ತದೆ. ಓರೆಗಣ್ಣಿನಿಂದ ನೋಡಿದಾಗ ಮಬ್ಬು ಮತ್ತೆ ಗೋಚರಿಸುತ್ತದೆ. ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲದೆ ಅದರ ಸುತ್ತ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಹೆಸರುಗಳ ಮರುಪರಿಶೀಲನೆ

ಮಿಥುನ ರಾಶಿಯ ಎನ್‌ಜಿಸಿ 2392 ನೀಹಾರಿಕೆಯನ್ನು ವಿಲಿಯಂ ಹರ್ಷೆಲ್ 1787ರಲ್ಲಿ ಕಂಡುಹಿಡಿದರು. ತುಪ್ಪಳದ ಟೊಪ್ಪಿಗೆ ತೊಟ್ಟ ಮುಖದಂತೆ ತೋರುವುದರಿಂದ ಅದು ‘ಎಸ್ಕಿಮೊ ನೀಹಾರಿಕೆ’ ಎಂದು ಪ್ರಸಿದ್ಧವಾಯಿತು. ಉತ್ತರಧ್ರುವ ಪ್ರದೇಶದ ಮೂಲನಿವಾಸಿಗಳ ಮೇಲೆ ಹೊರಗಿನವರು ಹೇರಿದ ಪದವಿದೆಂಬ ಕಾರಣದಿಂದ, ಅಮೆರಿಕದ ನಾಸಾ ಸಂಸ್ಥೆಯು ಈ ಹೆಸರನ್ನು ಬಳಸುವುದಿಲ್ಲವೆಂದು 2020ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ‘ಸಯಾಮಿ ಅವಳಿ’ ಎನಿಸಿಕೊಂಡಿದ್ದ ಎನ್‌ಜಿಸಿ 4567 ಮತ್ತು 4568 ಗೆಲಾಕ್ಸಿಗಳ ಅಡ್ಡಹೆಸರನ್ನೂ ಆಗಲೇ ಕೈಬಿಡಲಾಯಿತು. ಹಳೆಯ ಪುಸ್ತಕಗಳಲ್ಲಿ ಈ ಹೆಸರುಗಳು ಉಳಿದಿರುವುದರಿಂದ, ಕಾಯವನ್ನು ತಪ್ಪಿಲ್ಲದೆ ಗುರುತಿಸಲು ಪಟ್ಟಿಸಂಖ್ಯೆಯೇ ಆಧಾರ.