ಶೀಗಿಪುಡಿ ಡಬ್ಬಿಯಿಂದ ಕಂಡೀಷನರ್ ಬಾಟಲಿ ತನಕ

ಹೋದ ತಿಂಗಳು ನನ್ನ ತಂಗಿ ಮಗಳು ಬೆಂಗಳೂರಿನಿಂದ ಬಂದಿದ್ದಳು. ಬಾಗಲದಾಗ ನಿಂತಾಕಿನ್ನ ನೋಡಿ ಒಂದು ಗಳಿಗಿ ಗುರುತೇ ಸಿಗಲಿಲ್ಲ. ಕಪ್ಪಗ, ಉದ್ದಕ ಇದ್ದ ಹೆರಳು ಹೋಗಿ ಭುಜದ ಮಟ ಕತ್ತರಿಸಿದ ಕೂದಲ, ಅದರಾಗ ನಡುನಡುವ ಜೇನತುಪ್ಪದ ಬಣ್ಣದ ಎಳಿ. ಛಂದ ಕಾಣತಿದ್ದಳು, ಸುಳ್ಳ್ಯಾಕ ಹೇಳಲಿ. ಆದರ ರಾತ್ರಿ ಊಟ ಆದ ಮ್ಯಾಲೆ ಕಟ್ಟಿಮ್ಯಾಲೆ ಕೂತಾಗ, "ಮೌಶಿ, ಒಂದ್ ಸಲ ಮುಟ್ಟಿ ನೋಡು" ಅಂದಳು. ಮುಟ್ಟಿದರ ತೆಂಗಿನ ನಾರು ಮುಟ್ಟಿಧಂಗ ಆತು. ಹಣಿಗಿ ಹಾಕಿದರ ಅರ್ಧಕ್ಕ ನಿಂದರತದ, ಎಳದರ ತುಂಡಾಗಿ ಕೈಯಾಗ ಬರತದ.

"ಅಂಗಡ್ಯಾಗ ಒಂದು ಗ್ವಾಡಿ ತುಂಬ ಕಂಡೀಷನರ್ ಇಟ್ಟಾರ. ಒಣ ಕೂದಲಕ್ಕ ಬ್ಯಾರೆ, ಬಣ್ಣ ಹಚ್ಚಿದ್ದಕ್ಕ ಬ್ಯಾರೆ, ಮಾಸ್ಕು, ಸೀರಮ್ಮು, ಕೆರಾಟಿನ್ನು. ಯಾವುದು ತಗೋಬೇಕು ನೀನೇ ಹೇಳು."

ನಾನು ಪಿಯುಸಿಯೊಳಗ ಸೈನ್ಸ್ ತಗೊಂಡಾಕಿ. ಮುಂದ ಮದುವಿ ಆತು, ಪುಸ್ತಕ ಕಪಾಟ ಸೇರಿದುವು. ಆದರ ಈ ತಲಿಕೂದಲದ ವಿಷಯದಾಗ ನನಗ ಒಂದು ದೊಡ್ಡ ಪೆಟ್ಟು ಬಿದ್ದು, ಅದರ ಹಿಂದ ಬಿದ್ದು ಸಿಕ್ಕಿದ್ದೆಲ್ಲಾ ಓದೇನಿ. ಅದಕ್ಕ ಆಕಿಗೆ ಹೇಳಿದೆ, "ಯಾವುದು ತಗೋಬೇಕು ಅನ್ನೂದು ಆಮ್ಯಾಲೆ. ನಮ್ಮ ಅಜ್ಜಿ ಕಾಲದಾಗ ಕಂಡೀಷನರ್ ಅನ್ನೋ ಶಬ್ದನೇ ಇದ್ದಿಲ್ಲ, ಈಗ ಯಾಕ ಬೇಕಾಗೇದ, ಅದನ್ನ ಮೊದಲ ಕೇಳು." ಆವತ್ತು ಆಕಿಗೆ ಹೇಳಿದ್ದನ್ನೇ ಇಲ್ಲೆ ಬರೀಲಿಕ್ಕೆ ಹತ್ತೇನಿ.

ನಮ್ಮ ಮನ್ಯಾಗ ಶೀಗಿಪುಡಿ ಮಾಡತಿದ್ದಾಕಿ ನಮ್ಮ ಅಜ್ಜನ ಅಕ್ಕ. ಎಲ್ಲಾರೂ ಮಡಿ ಅಜ್ಜಿ ಅಂತಿದ್ದಿವಿ. ಬ್ಯಾಸಿಗ್ಯಾಗ ಮಾಳಿಗಿಮ್ಯಾಲೆ ಹಳೇ ಧೋತರ ಹಾಸಿ ಶೀಗಿಕಾಯಿ, ಅಂಟವಾಳಕಾಯಿ, ಮೆಂತೆಕಾಳು, ದಾಸವಾಳದ ಎಲಿ, ಲಿಂಬಿಹಣ್ಣಿನ ಸಿಪ್ಪಿ ಎಲ್ಲಾ ಒಣಗಿಸತಿದ್ದಳು. ಅಂಟವಾಳದ ಬೀಜ ತಗದು ಬರೇ ಸಿಪ್ಪಿ ಹಾಕಬೇಕು. ಗಿರಣಿಯವ ಶೀಗಿಕಾಯಿ ಅಂದರ ಮಾರಿ ಸಿಂಡರಿಸತಿದ್ದ. ಒಂದು ಮನಿಯದು ಬೀಸಿದರ ಪಾಳಿಯಾಗ ನಿಂತ ಎಲ್ಲಾರಿಗೂ ಸೀನು, ಮುಂದಿನವರ ಹಿಟ್ಟೂ ಕಹಿ. ಅದಕ್ಕ ಸಂಜೀಕೆ ಕಡೀಕ ಬಾ ಅಂತಿದ್ದ.

ಮಡಿ ಅಜ್ಜಿಗೆ ತಲ್ಯಾಗ ಒಂದು ಕೂದಲ ಇದ್ದಿಲ್ಲ. ಸಣ್ಣ ವಯಸ್ಸಿನ್ಯಾಗ ಗಂಡ ತೀರಿಕೊಂಡಿದ್ದ. ಆಗಿನ ಪದ್ಧತಿ, ನಿಮಗೆಲ್ಲಾ ಗೊತ್ತಿದ್ದದ್ದೇ. ತಲಿಮ್ಯಾಲೆ ಕೆಂಪು ಸೀರಿ ಸೆರಗು ಹೊದ್ದು ಕೂತು ನಮ್ಮೆಲ್ಲಾರ ತಲಿಗೆ ಎಣ್ಣಿ ತಿಕ್ಕತಿದ್ದಳು. ಎಂಟೊಂಬತ್ತು ವರ್ಷದ ನಾನು ಒಂದು ಸಲ ಕೇಳಿಬಿಟ್ಟೆ, "ಅಜ್ಜಿ, ನಿನಗ ಕೂದಲನ ಇಲ್ಲ, ಮತ್ತ ಇದೆಲ್ಲಾ ಹೆಂಗ ಗೊತ್ತು?" ಅವ್ವ ಒಳಗಿಂದ ಗದರಿದಳು. ಅಜ್ಜಿ ಮಾತ್ರ ಕೈ ನಿಲ್ಲಿಸಲಿಲ್ಲ. "ನನಗೂ ಇದ್ದುವಲ್ಲ, ಮೊಣಕಾಲ ಮಟ" ಅಂದಳು. ಅಷ್ಟೇ.

ಆಕಿ ಶುಕ್ರವಾರದ ಕ್ರಮ ಹಿಂಗ ಇತ್ತು. ಹಿಂದಿನ ರಾತ್ರಿ ಕೊಬ್ಬರಿ ಎಣ್ಣಿ, ಛಳಿಗಾಲದಾಗ ಅದಕ್ಕ ಸ್ವಲ್ಪ ಔಡಲ ಎಣ್ಣಿ. ಮುಂಜಾನೆ ಶೀಗಿಪುಡಿಯನ್ನ ಬಿಸಿ ಅನ್ನದ ಗಂಜ್ಯಾಗ ಕಲಸಿ ಎರಕೊಳ್ಳೂದು. ಕಡೀ ತಂಬಿಗಿ ನೀರಿಗೆ ಅರ್ಧ ಲಿಂಬಿಹಣ್ಣು. ನಮಗ ಕಣ್ಣು ಉರಿ, ಅಳೂದು, ಓಡೂದು. ಈಗ ಓದಿದ ಮ್ಯಾಲೆ ನನಗ ತಿಳೀತು, ಆಕಿ ಒಂದೊಂದು ಕೆಲಸಕ್ಕೂ ಅರ್ಥ ಇತ್ತು.

ಕೂದಲದ ಮ್ಯಾಲೆ ಹೆಂಚಿನ ಮನಿ ಮಾಡದಂಗ ಸಣ್ಣ ಸಣ್ಣ ಪದರ ಇರತಾವ, ಒಂದರ ಮ್ಯಾಲೆ ಒಂದು. ಹುಳಿ ನೀರು ಸೋಕಿದರ ಆ ಹೆಂಚು ಮುಚ್ಚಿ ಕೂಡತಾವ, ಕೂದಲ ನುಣುಪು. ಖಾರದ ನೀರು, ಅಂದರ ಸೋಡಾ, ಸಾಬಾಣ ಇಂಥಾದ್ದು ಸೋಕಿದರ ಹೆಂಚು ಏಳತಾವ, ಒಂದಕ್ಕೊಂದು ಸಿಗಬೀಳತಾವ. ಸಿಕ್ಕು ಅನ್ನೂದು ಅದೇ. ಶೀಗಿಕಾಯಿ ಸ್ವಭಾವತಃ ಸ್ವಲ್ಪ ಹುಳಿ. ಅದರಾಗಿನ ನೊರಿ ಸೌಮ್ಯ, ಹೊಲಸು ತಗೀತದ, ಇದ್ದಬದ್ದ ಎಣ್ಣಿ ಪೂರಾ ಬಾಚಿಕೊಂಡು ಹೋಗಂಗಿಲ್ಲ. ಗಂಜಿ ಎಳಿಗೆ ಜಾರಿಕಿ ಕೊಡತದ. ಲಿಂಬಿ ಹೆಂಚು ಮುಚ್ಚತದ. ಅಂದರ ತೊಳಿಯೂದು, ಕಂಡೀಷನ್ ಮಾಡೂದು ಎರಡೂ ಬಚ್ಚಲದಾಗ ಒಂದೇ ಬಟ್ಟಲದಾಗ ಇತ್ತು.

ಕೊಬ್ಬರಿ ಎಣ್ಣಿ ಬಗ್ಗೆ 2003ರಾಗ ಮುಂಬಯಿಯ ಒಂದು ಕಂಪನಿಯವರು ಪರೀಕ್ಷಾ ಮಾಡಿ ಬರದಾರ. ಕೊಬ್ಬರಿ ಎಣ್ಣಿ ಕೂದಲದ ಒಳಗ ಇಳೀತದ, ತೊಳಿಯುವಾಗ ಕೂದಲದ ಪ್ರೋಟೀನ್ ಹೋಗೂದನ್ನ ಕಡಿಮಿ ಮಾಡತದ, ಸೂರ್ಯಕಾಂತಿ ಎಣ್ಣಿ, ಮಿನರಲ್ ಆಯಿಲ್ ಹಂಗ ಮಾಡಂಗಿಲ್ಲ ಅಂತ. ಅವರೇ ಕೊಬ್ಬರಿ ಎಣ್ಣಿ ಮಾರೋ ಮಂದಿ, ಆದ್ದರಿಂದ ಸ್ವಲ್ಪ ಉಪ್ಪು ಹಚ್ಚೇ ಓದಬೇಕು. ಆದರ ಮಡಿ ಅಜ್ಜಿ ಯಾವ ಕಂಪನಿಯಾಕಿನೂ ಅಲ್ಲ, ಆಕಿನೂ ತೊಳಿಯೂದಕ್ಕ ಮೊದಲೇ ಎಣ್ಣಿ ಹಚ್ಚತಿದ್ದಳು.

ಈ ಕ್ರಮ ಕೆಟ್ಟದ್ದು ಸಾಬಾಣದಿಂದ. ನಮ್ಮ ಅವ್ವನ ಕಾಲಕ್ಕ ಶೀಗಿಪುಡಿ ಕುಟ್ಟೂದು ಯಾರಿಗೆ ಬೇಕು ಅಂತ ಮೈಗೆ ಹಚ್ಚೋ ಸಾಬಾಣನ ತಲಿಗೂ ಬಂತು. ನಮ್ಮ ಕಡೆ ಬಾವಿ, ಬೋರ್ ನೀರು ಗಡಸು. ಗಡಸು ನೀರಿನ್ಯಾಗಿನ ಸುಣ್ಣಕ್ಕ ಸಾಬಾಣ ಕೂಡಿದರ ಬಿಳೀ ಜಿಡ್ಡು ಆಗತದ. ಬಕೆಟ್ ಅಂಚಿಗೆ ಕೂಡತದಲ್ಲ, ಅದೇ ತಲ್ಯಾಗೂ ಕೂಡತದ. ಅವ್ವನ ಕೂದಲ ಯಾವಾಗಲೂ ಮಂಕಾಗಿ ಇರತಿತ್ತು, ನಾವು ಅದನ್ನ ವಯಸ್ಸು ಅಂತ ತಿಳಕೊಂಡಿದ್ದಿವಿ.

ಆಮ್ಯಾಲೆ ಶಾಂಪೂ. ಈ ಶಬ್ದ ನಮ್ಮ ದೇಶದ್ದೇ. ಹಿಂದಿಯೊಳಗ ಚಾಂಪೋ ಅಂದರ ಒತ್ತು, ತಿಕ್ಕು ಅಂತ. ಪಾಟ್ನಾದಾಗ 1759ರಾಗ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಅನ್ನಾವ ಇಂಗ್ಲೆಂಡಿಗೆ ಹೋಗಿ ಬ್ರೈಟನ್ ಊರಾಗ ಸ್ನಾನದ ಮನಿ ತಗದು ಸಾಹೇಬರಿಗೆ ಮೈ ತಿಕ್ಕಿ ಹೆಸರು ಮಾಡಿದ. ರಾಜನ ಶಾಂಪೂ ವೈದ್ಯ ಅಂತ ಬಿರುದೂ ಸಿಕ್ಕಿತು. ಆವಾಗ ಶಾಂಪೂ ಅಂದರ ಮಾಲೀಶು. ತಲಿ ತೊಳಿಯೂದು ಅನ್ನೋ ಅರ್ಥ ಮುಂದ ಬಂತು. 1934ರಾಗ ಅಮೇರಿಕದಾಗ ಸಾಬಾಣ ಇಲ್ಲದ, ಡಿಟರ್ಜೆಂಟಿನ ಶಾಂಪೂ ಬಂತು. ಗಡಸು ನೀರಿನ್ಯಾಗ ಜಿಡ್ಡು ಆಗಂಗಿಲ್ಲ, ಅದು ದೊಡ್ಡ ಉಪಕಾರನ. ಆದರ ಎಣ್ಣಿನ್ನ ಪೂರಾ ಎಳಕೊಂಡು ಹೋಗತದ.

ನಮ್ಮ ಕಡೆ ಬಾಟಲಿ ಶಾಂಪೂ ಅಂದರ ಶ್ರೀಮಂತರ ಮಾತು. ತಮಿಳುನಾಡಿನ ಕಡಲೂರಿನವರು ಸಣ್ಣ ಪೊಟ್ಟಣ ಮಾಡಿ ಮಾರಲಿಕ್ಕೆ ಶುರು ಮಾಡಿದ ಮ್ಯಾಲೆ ಅದು ಹಳ್ಳಿ ಕಿರಾಣಿ ಅಂಗಡಿಗೂ ಬಂತು. ಚಿಕ್ ಶಾಂಪೂ ಹುಟ್ಟಿದ್ದು 1983ರಾಗ. ಅಂಗಡಿ ಬಾಗಲಕ್ಕ ಮಾಲಿ ಹಂಗ ತೂಗಾಡತಿದ್ದುವು. ಮೊದಲನೇ ಸಲ ನಾನು ಎರಕೊಂಡಾಗ ಕೂದಲ ಹಾರಾಡಿದ್ದು ನೋಡಿ ನನಗೇ ಸೊಕ್ಕು ಬಂದಿತ್ತು. ಆ ಹಾರಾಟ ಒಣಗಿದ್ದರ ಗುರುತು ಅಂತ ಯಾರಿಗೆ ಗೊತ್ತಿತ್ತು?

ಕಂಡೀಷನರ್ ಬಂದಿದ್ದು ಇದಕ್ಕ. ಶಾಂಪೂ ಎಣ್ಣಿ ಎಳೀತು, ಈಗ ಜಾರಿಕಿ ತಿರುಗಿ ಕೊಡಬೇಕು. ತೊಳದ ಕೂದಲಕ್ಕ ಋಣ ವಿದ್ಯುತ್ತು ಇರತದ, ಕಂಡೀಷನರಿನ ಮುಖ್ಯ ಸಾಮಾನಿಗೆ ಧನ. ಒಂದಕ್ಕೊಂದು ಅಂಟತಾವ. ಎಲ್ಲೆ ಹೆಚ್ಚು ಹಾಳಾಗೇದೋ ಅಲ್ಲೇ ಹೆಚ್ಚು ಅಂಟತದ, ಅದು ಇದರ ಛಲೋ ಗುಣ. ಅರಬಿ ಮೆತ್ತಗ ಆಗಲಿಕ್ಕೆ ಕಡೀ ನೀರಿಗೆ ಹಾಕೋ ಲಿಕ್ವಿಡ್ಡೂ ಇದೇ ಬಳಗದ್ದು. 1987ರಾಗ ಶಾಂಪೂ ಕಂಡೀಷನರ್ ಎರಡೂ ಒಂದೇ ಬಾಟಲಿಯಾಗ ಬಂದುವು. ಅವಸರದವರಿಗೆ ಅಡ್ಡಿಯಿಲ್ಲ, ಬಣ್ಣ ಹಚ್ಚಿದ ಕೂದಲಕ್ಕ ಅದು ಸಾಲಂಗಿಲ್ಲ.

ಬಣ್ಣದ ಕತಿ ಹೇಳಲೇಬೇಕು. 1856ರಾಗ ಲಂಡನ್ನಿನ್ಯಾಗ ಪರ್ಕಿನ್ ಅನ್ನೋ ಹದಿನೆಂಟು ವರ್ಷದ ಹುಡುಗ ಮಲೇರಿಯಾಕ್ಕ ಕ್ವಿನೈನ್ ಮಾಡಲಿಕ್ಕೆ ಹೋಗಿ ಕಲ್ಲಿದ್ದಲಿನ ಡಾಂಬರಿನಿಂದ ಬಂದ ಸಾಮಾನಿನ್ಯಾಗ ನೇರಳೆ ಬಣ್ಣ ಕಂಡ. ಅರಬಿಗೆ ಹಾಕೋ ಬಣ್ಣದ ಕಾರಖಾನಿಗಳು ಹಂಗ ಶುರುವಾದುವು. ಅದೇ ಡಾಂಬರಿನ ಕುಲದಾಗ ಪಿಪಿಡಿ ಅನ್ನೋದೊಂದು ಅದ. ಪ್ಯಾರಿಸ್ಸಿನ ಯೂಜೀನ್ ಶೂಲರ್ 1907ರಾಗ ಕೂದಲಬಣ್ಣ ಮಾಡಿ ಹಜಾಮರಿಗೆ ಮಾರಿದ, 1909ರಾಗ ಕಂಪನಿ ಕಟ್ಟಿದ. ಅದೇ ಇವತ್ತಿನ ಲೋರಿಯಲ್. ಆವಾಗ ಆ ಕಂಪನಿಗೆ ಇಟ್ಟ ಹೆಸರಿನ್ಯಾಗ "ನಿರಪಾಯದ ಕೂದಲಬಣ್ಣ" ಅಂತ ಇತ್ತು. ಅಪಾಯದ ಮಾತು ಆವಾಗಲೇ ಊರಾಗ ಇತ್ತು ಅಂತ ನಾನು ತಿಳಕೋತೇನಿ, ಇಲ್ಲಾಂದರ ಹೆಸರಿನ್ಯಾಗ ಯಾಕ ಹೇಳಬೇಕು?

ಕೆಲಸ ಹೆಂಗ ಅಂದರ, ಅಮೋನಿಯಾ ಹೆಂಚು ಎಬ್ಬಿಸತದ, ಪೆರಾಕ್ಸೈಡು ಕೂದಲದ ಸ್ವಂತ ಬಣ್ಣ ತಗೀತದ, ಒಳಗ ಹೋದ ಸಣ್ಣ ಕಣಗಳನ್ನ ಕೂಡಿಸಿ ದೊಡ್ಡ ಬಣ್ಣ ಮಾಡತದ. ದೊಡ್ಡದಾದ ಮ್ಯಾಲೆ ಅದು ಹೊರಗ ಬರಲಿಕ್ಕೆ ಆಗಂಗಿಲ್ಲ. ಬಣ್ಣ ನಿಂತಿತು, ಆದರ ಕೂದಲಕ್ಕ ಹುಟ್ಟಿದಾಗಿಂದ ಇದ್ದ ಜಿಡ್ಡಿನ ತೆಳು ಹೊದಿಕಿ ಹೋತು. ನಮ್ಮ ಹುಡುಗಿದಂತೂ ಜೇನತುಪ್ಪದ ಬಣ್ಣ, ಅದಕ್ಕ ಬ್ಲೀಚ್ ಬ್ಯಾರೆ.

1933ರಾಗ ಅಮೇರಿಕದಾಗ ಕಣ್ಣರೆಪ್ಪಿಗೆ ಹಚ್ಚೋ ಪಿಪಿಡಿ ಬಣ್ಣದಿಂದ ಹೆಣ್ಣುಮಕ್ಕಳು ಕಣ್ಣು ಕಳಕೊಂಡರು, ಒಬ್ಬಾಕಿ ಸತ್ತಳು. 1938ರಾಗ ಹೊಸ ಕಾನೂನು ಬಂತು. ಆದರ ಡಾಂಬರಿನ ಕೂದಲಬಣ್ಣಕ್ಕ ಅದರಾಗ ವಿನಾಯಿತಿ ಸಿಕ್ಕಿತು, ಡಬ್ಬಿಮ್ಯಾಲೆ ಎಚ್ಚರಿಕಿ ಬರದು, ಮೊದಲು ಚರ್ಮದ ಮ್ಯಾಲೆ ಹಚ್ಚಿ ನೋಡರಿ ಅಂತ ಹೇಳಿದರ ಸಾಕು ಅಂತ. ಈಗ ನಮ್ಮ ಡಬ್ಬಿಯೊಳಗ ಮಡಚಿ ಇಟ್ಟ ಚೀಟಿಯಾಗ 48 ತಾಸು ಮೊದಲು ಹಚ್ಚಿ ನೋಡರಿ ಅಂತ ಇರತದಲ್ಲ, ಅದರ ಹಿಂದ ಇಂಥಾ ಕಣ್ಣು ಹೋದವರ ಕತಿ ಅದ.

ನಾನು ಆ ಚೀಟಿ ಓದಲಿಲ್ಲ. ನಾಲ್ಕು ವರ್ಷ "ಕಪ್ಪು ಮೆಹೆಂದಿ" ಅಂತ ಬರೋ ಪುಡಿ ಹಚ್ಚಿದ್ದೆ. ಗಿಡಮೂಲಿಕಿ ಅಂತ ಡಬ್ಬಿಮ್ಯಾಲೆ ಎಲಿ ಚಿತ್ರ. ಮಗಳ ಮದುವಿಗೆ ಎರಡು ದಿನ ಇರುವಾಗ ಹಚ್ಚಿಕೊಂಡೆ. ಮರದಿನ ಮುಂಜಾನೆ ಹಣಿ ಬಾತು, ಸಂಜೀಕೆ ಎರಡೂ ಕಣ್ಣು ಮುಚ್ಚಿದುವು, ಕಿವಿ ಹಿಂದ ನೀರು ಸೋರಲಿಕ್ಕೆ ಹತ್ತಿತು. ಚರ್ಮದ ಡಾಕ್ಟರು ಡಬ್ಬಿ ತರಿಸಿ ಸಣ್ಣ ಅಕ್ಷರ ತೋರಿಸಿದರು. ಅದರಾಗ ಪಿಪಿಡಿ ಇತ್ತು. ಮದರಂಗಿ ಎಲಿಯಿಂದ ಬರೇ ಕೆಂಪು ಕಿತ್ತಳಿ ಬಣ್ಣ ಬರತದ, ಕಪ್ಪು ಬಂತು ಅಂದರ ಬ್ಯಾರೆ ಏನೋ ಅದ. ಒಂದೋ ನೀಲಿ ಗಿಡದ ಎಲಿ, ಇಲ್ಲಾ ಪಿಪಿಡಿ. ಇಷ್ಟು ವರ್ಷ ಏನೂ ಆಗಲಿಲ್ಲಲ್ಲ ಅಂದೆ. "ಇದು ಹಂಗ, ಒಮ್ಮೆ ಮೈ ಬ್ಯಾಡ ಅಂತು ಅಂದರ ಜನ್ಮದಾಗ ಮತ್ತ ಹಚ್ಚೂಹಂಗಿಲ್ಲ" ಅಂದರು. ಧಾರಿ ಎರಿಯೋ ಫೋಟೋದಾಗ ಮಗಳ ಮಾರಿ ಛಂದ ಬಂದದ, ನಾನು ಎಲ್ಲಾದರಾಗೂ ಕೆಳಗ ನೋಡೇನಿ. ಮಂದಿ ಮಗಳನ್ನ ಕಳಸೋ ದುಃಖ ಅಂತ ತಿಳಕೊಂಡರು.

ಇಷ್ಟು ಹೇಳೂದ್ರಾಗ ರಾತ್ರಿ ಹನ್ನೊಂದಾಗಿತ್ತು. ಹುಡುಗಿ, "ಮೌಶಿ, ಕಂಡೀಷನರ್" ಅಂತ ನೆನಪು ಮಾಡಿದಳು.

ಆಕಿಗೆ ಹೇಳಿದ್ದು: ಬಾಟಲಿ ಮುಂದಿನ ಚಿತ್ರ ಬಿಡು, ಹಿಂದಿನ ಸಣ್ಣ ಅಕ್ಷರ ಓದು. ಬೆಹೆನ್‌ಟ್ರಿಮೋನಿಯಂ, ಸೆಟ್ರಿಮೋನಿಯಂ ಅಂತ ಮೊದಲಿನ ನಾಲ್ಕೈದು ಹೆಸರಿನ್ಯಾಗ ಇದ್ದರ ಅದು ಕೆಲಸದ್ದು. ಅಮೋಡೈಮೆಥಿಕೋನ್ ಅನ್ನೋ ಸಿಲಿಕೋನ್ ಇದ್ದರ ಬಣ್ಣದ ಕೂದಲಕ್ಕ ಇನ್ನೂ ಛಲೋ. ಸೆಟೈಲ್ ಆಲ್ಕೋಹಾಲ್ ಅಂತ ಕಂಡರ ಹೆದರಬ್ಯಾಡ, ಅದು ಒಣಗಿಸೋ ಆಲ್ಕೋಹಾಲ್ ಅಲ್ಲ, ಬೆಣ್ಣಿಯಂಥಾ ಜಿಡ್ಡು. ಬುಡಕ್ಕ ಹಚ್ಚಬ್ಯಾಡ, ಕಿವಿ ಕೆಳಗಿಂದ ತುದಿ ತನಕ ಹಚ್ಚಿ, ಅಗಲ ಹಲ್ಲಿನ ಹಣಿಗಿಲೆ ಹಸೀ ಇರುವಾಗಲೇ ಸಿಕ್ಕು ಬಿಡಿಸಿ, ಎರಡು ಮೂರು ನಿಮಿಷ ಬಿಟ್ಟು ತೊಳಿ. ವಾರಕ್ಕೊಮ್ಮೆ ದಪ್ಪ ಮಾಸ್ಕು. ಪ್ರೋಟೀನ್ ಅಂತ ಬರದಿದ್ದು ತಿಂಗಳಿಗೆ ಒಂದು ಸಲ ಸಾಕು, ಹೆಚ್ಚಾದರ ಕೂದಲ ಮತ್ತ ಬಿರುಸು ಆಗತದ. ಶಾಂಪೂ ಸಲ್ಫೇಟ್ ಇಲ್ಲದ್ದು, ವಾರಕ್ಕ ಎರಡೇ ಸಲ, ಹಿಂದಿನ ರಾತ್ರಿ ಎಣ್ಣಿ. ಬಿಸಿ ನೀರು ಬಣ್ಣನ ಲಗೂ ತಗೀತದ, ಉಗುರುಬೆಚ್ಚಗಿದ್ದರ ಸಾಕು. ನೂರು ರೂಪಾಯಿದಕ್ಕೂ ಸಾವಿರದ್ದಕ್ಕೂ ಮುಖ್ಯ ಸಾಮಾನು ಹೆಚ್ಚುಕಡಿಮಿ ಇವೇ, ವಾಸನಿಗೆ ರೊಕ್ಕ ಕೊಡೂದು ನಿನ್ನ ಖುಷಿ.

ಮತ್ತ ಇದು ಯಾವುದೂ ಕೂದಲನ್ನ ರಿಪೇರಿ ಮಾಡಂಗಿಲ್ಲ. ಹೊರಗ ಬಂದ ಕೂದಲ ಸತ್ತದ್ದು. ತ್ಯಾಪಿ ಹಚ್ಚಿಧಂಗ, ತೊಳದರ ಹೋಗತದ, ಮತ್ತ ಹಚ್ಚಬೇಕು. ತುದಿ ಸೀಳಿದ್ದಕ್ಕ ಕತ್ರಿ ಒಂದೇ ಔಷಧ.

ಪಾರ್ಲರಿನ್ಯಾಗ ಸಾವಿರಗಟ್ಟಲೆ ತಗೊಂಡು ಮಾಡೋ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಲೇನು ಅಂತ ಕೇಳಿದಳು. ಅವುಗಳಾಗ ಭಾಳಷ್ಟರಾಗ ಬಿಸಿ ತಾಗಿದ ಕೂಡಲೇ ಫಾರ್ಮಾಲ್ಡಿಹೈಡ್ ಬರತದ, ಪಿಯುಸಿ ಲ್ಯಾಬಿನ್ಯಾಗ ಕಪ್ಪಿ ತುಂಬಿಡತಿದ್ದರಲ್ಲ, ಆ ವಾಸನಿ. 2011ರಾಗ ಅಮೇರಿಕದ ಸರಕಾರದವರೇ ಪಾರ್ಲರ್ ಕೆಲಸದವರಿಗೆ ಎಚ್ಚರಿಕಿ ಕೊಟ್ಟಾರ. ಹಚ್ಚೋ ಹುಡುಗಿ ದಿನಾ ಅದನ್ನ ಉಸಿರಾಡತಾಳ, ಆಕಿದೂ ವಿಚಾರ ಮಾಡು ಅಂದೆ.

ಹೋಗೋ ಮುಂದ ಆಕಿ ಬುಡದಾಗ ಬಣ್ಣ ಮತ್ತ ಹಚ್ಚಬೇಕು ಅಂತ ಡಬ್ಬಿ ತಂದಿದ್ದಳು. ನಾನು ಬ್ಯಾಡ ಅನ್ನಲಿಲ್ಲ. ಕಿವಿ ಹಿಂದ ಒಂದು ಬೊಟ್ಟು ಹಚ್ಚಿಸಿದೆ, ಎರಡು ದಿನ ಹೆಚ್ಚಿಗಿ ಉಳಿಸಿಕೊಂಡೆ. ಏನೂ ಆಗಲಿಲ್ಲ. ಅಟ್ಟದ ಮ್ಯಾಲಿನ ಡಬ್ಬಿಯೊಳಗಿನ ಶೀಗಿಪುಡಿನೂ ಸ್ವಲ್ಪ ಕಟ್ಟಿ ಕೊಟ್ಟೆ. "ಬೆಂಗಳೂರಿನ ಬಾತ್‌ರೂಮಿನ್ಯಾಗ ಇದನ್ನ ಯಾರು ತೊಳೀತಾರ ಮೌಶಿ" ಅಂತ ನಕ್ಕಳು, ಆದರ ಚೀಲದಾಗ ಇಟಗೊಂಡಳು.