ಧೋಂಡಿಯ ವಾಘನ ದಂಡೂ ಹರಿಹರದ ಹೊಳೆದಾಟವೂ

ದಾವಣಗೆರೆ ಜಿಲ್ಲೆಯು 1997ರಲ್ಲಿ ರಚಿತವಾಯಿತು. ಆದರೆ ಅದರ ಸೀಮೆಗೆ ಸೇರಿದ ಚನ್ನಗಿರಿ, ದಾವಣಗೆರೆ, ಹರಿಹರಗಳು 18ನೆಯ ಶತಮಾನದ ಅಂತ್ಯದಲ್ಲಿಯೇ ಒಂದೇ ಚರಿತ್ರೆಯ ಸೂತ್ರದಲ್ಲಿ ಪೋಣಿಸಲ್ಪಟ್ಟಿದ್ದುವು. ಚನ್ನಗಿರಿಯು ಧೋಂಡಿಯ ವಾಘನ ಜನ್ಮಸ್ಥಳ. ಹರಿಹರವು ಅವನನ್ನು ಬೆನ್ನಟ್ಟಿದ ಆಂಗ್ಲ ಸೈನ್ಯವು ತುಂಗಭದ್ರೆಯನ್ನು ದಾಟಿದ ಸ್ಥಳ. ದಾವಣಗೆರೆಯಾದರೋ, ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟು, ಆತನ ಪ್ರೋತ್ಸಾಹದಿಂದ ವರ್ತಕರು ನೆಲಸಿ ಬೆಳೆದ ಪೇಟೆ. ಇಂತಹ ಪೇಟೆಗಳೂ ದಾರಿಗಳೂ ಶಸ್ತ್ರಧಾರಿ ಗುಂಪುಗಳ ಕೈಗೆ ಸಿಕ್ಕುವುದು ಹೇಗೆ, ಸರ್ಕಾರವು ಅವುಗಳನ್ನು ಬಿಡಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುವೆವು.

ಧೋಂಡಿಯನು ಹೈದರನ ರಾವುತನಾಗಿದ್ದನು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಸೇವೆಯನ್ನು ತೊರೆದು, ಧಾರವಾಡದ ಕಡೆಯಲ್ಲಿ ದಂಡು ಕಟ್ಟಿ ಸುಲಿಗೆಗೆ ತೊಡಗಿದನು. ಮುಂದೆ ಟಿಪ್ಪುವಿನ ಬಳಿಗೆ ಮರಳಿದನಾದರೂ, ಸುಲ್ತಾನನು ಅವನನ್ನು ಸೆರೆಯಲ್ಲಿಟ್ಟನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದೊಡನೆ ಅವನಿಗೆ ಬಿಡುಗಡೆಯಾಯಿತು. ಅದೇ ದಿನ ಸುಲ್ತಾನನ ಸೈನ್ಯಕ್ಕೆ ಒಡೆಯನಿಲ್ಲದಂತಾಯಿತೆಂಬ ಅಂಶವನ್ನು ನಾವು ಮರೆಯಬಾರದು. ಕುದುರೆಯೂ ಕತ್ತಿಯೂ ಇದ್ದು ಸಂಬಳವಿಲ್ಲದ ರಾವುತರಿಗೆ ಒಬ್ಬ ನಾಯಕನು ಬೇಕಾಗಿದ್ದನು. ಧೋಂಡಿಯನ ದಂಡು ಬೆಳೆದುದು ಅವನೊಬ್ಬನ ಸಾಹಸದಿಂದಲ್ಲ. ವಿಜೇತರು ಒಂದು ಸೈನ್ಯವನ್ನು ಮುರಿದು, ಅದರ ಯೋಧರಿಗೆ ಬದುಕಿನ ದಾರಿಯನ್ನು ತೋರಿಸದೆ ಹೋದುದರಿಂದ.

ಅವನು ಬಿದನೂರು, ಶಿವಮೊಗ್ಗೆಗಳ ಸೀಮೆಯನ್ನು ಆಕ್ರಮಿಸಿದನು. ಡಾಲ್ರಿಂಪಲ್ ಮತ್ತು ಸ್ಟೀವನ್‌ಸನ್ ಎಂಬ ಸೇನಾನಿಗಳ ತುಕಡಿಗಳು ಆಗಸ್ಟ್ ತಿಂಗಳಿನಲ್ಲಿ ಅವನನ್ನು ಮೈಸೂರು ಸೀಮೆಯಿಂದ ಹೊರದೂಡಿದುವು. ಆದರೆ ಬೆನ್ನಟ್ಟುವಿಕೆಯು ಗಡಿಯಲ್ಲಿ ನಿಂತಿತು; ಆಚೆಯದು ಮರಾಠರ ನೆಲ. ಅಲ್ಲಿ ಧೋಂಡೋಪಂತ ಗೋಖಲೆಯು ಅವನ ಪಾಳೆಯದ ಮೇಲೆ ಬಿದ್ದು ಕೊಳ್ಳೆ ಹೊಡೆದನಾದರೂ ದಂಡು ಅಳಿಯಲಿಲ್ಲ. ಕೆಲವೇ ತಿಂಗಳುಗಳಲ್ಲಿ ಅದು ಮತ್ತೆ ಸಾವಿರಗಟ್ಟಲೆ ರಾವುತರಿಂದ ಕೂಡಿತು; ನಾಯಕನು ‘ಎರಡು ಲೋಕಗಳ ಅರಸ’ನೆಂಬ ಅರ್ಥದ ಬಿರುದನ್ನು ಧರಿಸಿದನು. ಎರಡು ರಾಜ್ಯಗಳ ನಡುವಣ ಗಡಿಯೇ ಅವನಿಗೆ ಕೋಟೆಯಾಗಿದ್ದಿತು.

ಆದುದರಿಂದ 1800ರಲ್ಲಿ ಕಂಪೆನಿ ಸರ್ಕಾರವು ಗಡಿಯಾಚೆಗೂ ಬೆನ್ನಟ್ಟಲು ನಿರ್ಧರಿಸಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ಜೂನ್ ತಿಂಗಳಿನಲ್ಲಿ ಹರಿಹರಕ್ಕೆ ಬಂದನು. ಮಳೆಗಾಲವು ತೊಡಗಿ ಹೊಳೆ ಏರಿದ್ದುದರಿಂದ, ಸೈನ್ಯವನ್ನೂ ಸಾಮಾನುಗಳನ್ನೂ ಹರಿಗೋಲುಗಳಲ್ಲಿ ದಾಟಿಸಲು ಹಲವು ದಿನಗಳು ಹಿಡಿದುವು. ಜೂನ್ 27ರಂದು ರಾಣೆಬೆನ್ನೂರು ಅವನ ವಶವಾಯಿತು. ಅದೇ ತಿಂಗಳ ಕೊನೆಯಲ್ಲಿ ಧೋಂಡಿಯನು ಕಿತ್ತೂರಿನ ಬಳಿ ಗೋಖಲೆಯನ್ನು ಕೊಂದನು. ಜುಲೈ ತಿಂಗಳಿನಲ್ಲಿ ಕುಂದಗೋಳ, ಡಂಬಳಗಳು ಒಂದೊಂದಾಗಿ ಆಂಗ್ಲರ ಕೈಸೇರಿದುವು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಧೋಂಡಿಯನ ಪಾಳೆಯವು ನಾಶವಾಗಿ, ಅನೇಕರು ಹೊಳೆಯ ಪಾಲಾದರು. ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್ಲಿನಲ್ಲಿ ವೆಲ್ಲೆಸ್ಲಿಯು ನಾಲ್ಕು ಅಶ್ವದಳಗಳೊಡನೆ ಸುಮಾರು 5,000 ರಾವುತರ ಮೇಲೆ ಏರಿಹೋದನು. ಧೋಂಡಿಯನು ಆ ಕದನದಲ್ಲಿ ಮಡಿದನು. ಪಾಳೆಯದಲ್ಲಿ ಸಿಕ್ಕಿದ ಅವನ ಮಗ ಸಲಾಬತ್ ಖಾನನ ಪೋಷಣೆಯ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತನೆಂಬುದು ಗಮನಾರ್ಹ.

ಈ ಜಯಕ್ಕೆ ಕತ್ತಿಯೊಂದೇ ಕಾರಣವಲ್ಲ. ವೆಲ್ಲೆಸ್ಲಿಯ ಪತ್ರಗಳಲ್ಲಿ ಅಕ್ಕಿ, ಎತ್ತು, ಹರಿಗೋಲುಗಳ ಚಿಂತೆಯು ಕದನದ ಚಿಂತೆಯಷ್ಟೇ ಪದೇಪದೇ ಕಂಡುಬರುತ್ತದೆ. ಧಾನ್ಯವನ್ನು ಎತ್ತುಗಳ ಮೇಲೆ ಹೇರಿ ತರುತ್ತಿದ್ದ ಲಂಬಾಣಿ ವರ್ತಕರು ಅವನ ಸೈನ್ಯದ ಜೀವನಾಡಿಯಾಗಿದ್ದರು. ಧೋಂಡಿಯನ ದಂಡಾದರೋ ಹಳ್ಳಿಗಳ ಸುಲಿಗೆಯಿಂದ ಜೀವಿಸುತ್ತಿದ್ದಿತು. ಓಟವು ನಿಲ್ಲದಿದ್ದರೆ ಮಾತ್ರ ಅದಕ್ಕೆ ಉಣಿಸು. ಕೋಟೆಗಳೂ ಪಾಳೆಯವೂ ಕೈಬಿಟ್ಟಮೇಲೆ ಅದು ಕರಗತೊಡಗಿತು. ಶಸ್ತ್ರಧಾರಿ ಗುಂಪನ್ನು ಅಳಿಸಬೇಕಾದರೆ ಅದರ ಆದಾಯವನ್ನೂ ಆಶ್ರಯವನ್ನೂ ಒಮ್ಮೆಗೇ ಕಡಿಯಬೇಕೆಂಬುದು ಇದರಿಂದ ತಿಳಿಯುವ ಪಾಠ. ಮಾದಕವಸ್ತುಗಳ ಹಣದಿಂದ ಗುಂಪುಗಳು ಶಸ್ತ್ರ ಕೊಳ್ಳುವ ನಮ್ಮ ಕಾಲಕ್ಕೂ ಈ ಮಾತು ಸಲ್ಲುತ್ತದೆ.

ಆದರೆ ಈ ಹೋಲಿಕೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. ಧೋಂಡಿಯನನ್ನು ಕೊಳ್ಳೆಗಾರನೆಂದು ಕರೆದ ಕಂಪೆನಿಯೇ 1773ರಿಂದ ಬಂಗಾಳದ ಅಫೀಮಿನ ಏಕಸ್ವಾಮ್ಯವನ್ನು ಹೊಂದಿದ್ದಿತು. ಸೇದುವುದಕ್ಕಾಗಿ ಅಫೀಮು ಮಾರುವುದನ್ನು ಚೀನದ ಚಕ್ರವರ್ತಿಯು 1729ರಲ್ಲಿಯೇ ನಿಷೇಧಿಸಿದ್ದನು. ಕಂಪೆನಿಯು ಕಲ್ಕತ್ತೆಯಲ್ಲಿ ಹರಾಜು ಮಾಡಿದ ಸರಕನ್ನು ಖಾಸಗಿ ವರ್ತಕರು ಅಲ್ಲಿಗೆ ಕದ್ದು ಸಾಗಿಸುತ್ತಿದ್ದರು. 1839ರಿಂದ 1842ರ ವರೆಗೂ, ಮತ್ತೆ 1856ರಿಂದ 1860ರ ವರೆಗೂ ನಡೆದ ಯುದ್ಧಗಳಲ್ಲಿ ಆ ವ್ಯಾಪಾರದ ಬೆನ್ನಿಗೆ ಸಾಮ್ರಾಜ್ಯದ ನೌಕಾಬಲವೇ ನಿಂತಿತು. ಭಾರತದೊಳಗೆ 1878ರ ಅಫೀಮು ಕಾನೂನು ವ್ಯಾಪಾರವನ್ನು ನಿಲ್ಲಿಸಲಿಲ್ಲ. ಪರವಾನಗಿಯ ಕಟ್ಟಿಗೆ ಒಳಪಡಿಸಿತು. ಗಾಂಜಾ, ಭಂಗಿಗಳನ್ನು ಕುರಿತು ವಿಚಾರಿಸಿದ 1893–94ರ ಆಯೋಗವೂ ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಲಿಲ್ಲ. ಕಠಿಣ ಶಿಕ್ಷೆಗಳನ್ನು ವಿಧಿಸುವ ಸಮಗ್ರ ಕಾನೂನು ಬಂದುದು 1985ರಲ್ಲಿ. ಯಾವುದು ವ್ಯಾಪಾರ, ಯಾವುದು ಅಪರಾಧ ಎಂಬ ಗೆರೆಯನ್ನು ಎಳೆಯುವ ಕೈ ಅಧಿಕಾರದ್ದೇ. ಅದರ ಲಾಭಕ್ಕೆ ತಕ್ಕಂತೆ ಗೆರೆಯೂ ಸರಿಯುತ್ತದೆ.

ಹಾಗಾದರೆ ಧೋಂಡಿಯನನ್ನು ನಾವು ಏನೆಂದು ಬೋಧಿಸಬೇಕು? ಕನ್ನಡ ನಾಡಿನಲ್ಲಿ ಅವನನ್ನು ಆಂಗ್ಲರನ್ನು ಎದುರಿಸಿದ ಮೊದಲಿಗರಲ್ಲಿ ಎಣಿಸುವ ಸಂಪ್ರದಾಯವಿದೆ. ಅವನ ವೃತ್ತಾಂತದ ಬಹುಭಾಗವು ಅವನನ್ನು ಕೊಂದವರ ಕಡತಗಳಿಂದಲೇ ಬಂದಿರುವುದರಿಂದ ಈ ತಿದ್ದುಪಡಿ ಅಗತ್ಯವೇ ಹೌದು. ಆದರೆ ಅವನ ದಂಡಿಗೆ ಉಣಿಸು ಬಂದುದು ನಮ್ಮ ರೈತರ ಕಣಜಗಳಿಂದ ಎಂಬುದೂ ಸತ್ಯ. ಕಂಪೆನಿಯ ಶತ್ರುವಾದ ಮಾತ್ರಕ್ಕೆ ಒಬ್ಬನು ಪ್ರಜೆಗಳ ಮಿತ್ರನಾಗಲಾರನು. ಕೊಳ್ಳೆಗಾರನನ್ನು ಅಡಗಿಸಿದ ಮಾತ್ರಕ್ಕೆ ಸರ್ಕಾರವು ನ್ಯಾಯವಂತವಾಗಲಾರದು. ಹೊಳೆಯ ಎರಡು ದಡಗಳಲ್ಲಿ ಯಾವುದರಿಂದ ನೋಡಿದರೂ, ದಂಡುಗಳು ಹಾದುಹೋದ ಮೇಲೆ ಬರಿದಾದ ಕಣಜವು ಯಾರದೆಂಬ ಪ್ರಶ್ನೆಯನ್ನೇ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳುವಂತಾಗಬೇಕು.